ವೈದ್ಯರು ಬರೆದುಕೊಟ್ಟ ವಿಸ್ಕಿ ಬರೀ ನೆಪವಾಗಿರಲಿಲ್ಲ

ಮಾನ್ಯ ಸಂಪಾದಕರೇ,

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಮದ್ಯಪಾನವನ್ನು ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಲೇಖನದ ಎರಡು ಮಾತುಗಳನ್ನು ಮಾತ್ರ ನನಗೆ ಒಪ್ಪಲಾಗಲಿಲ್ಲ. ಆ ಕಾಲದ ಜನ ತಮ್ಮ ಕುಡಿತದ ಚಟಕ್ಕೆ ಔಷಧವೆಂಬ ನೆಪ ಹೂಡಿದರು ಎಂಬುದು ಮೊದಲನೆಯದು. ಉತ್ತರ ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ (1861-65) ಶಸ್ತ್ರವೈದ್ಯರು ಗಾಯಾಳುವಿಗೆ ವಿಸ್ಕಿ ಕುಡಿಸಿ, ಹಲ್ಲುಗಳ ನಡುವೆ ಸೀಸದ ಗುಂಡನ್ನಿಟ್ಟು ಕೈಕಾಲು ಕತ್ತರಿಸುತ್ತಿದ್ದರು ಎಂಬುದು ಎರಡನೆಯದು. ಎರಡನೆಯದು ತಪ್ಪು ಮಾಹಿತಿ. ಅದನ್ನು ತಿದ್ದುವುದು ಸುಲಭ. ಮೊದಲನೆಯದು ಹಾಗಲ್ಲ. ಅದನ್ನು ನಂಬಿದರೆ, ಮದ್ಯವನ್ನು ಮನಸಾರೆ ದ್ವೇಷಿಸುತ್ತಿದ್ದ ಲಕ್ಷಾಂತರ ಹೆಣ್ಣುಮಕ್ಕಳು ತಮಗರಿವಿಲ್ಲದೆಯೇ ದಿನಕ್ಕೆ ಮೂರು ಹೊತ್ತು ಮದ್ಯ ಸೇವಿಸುವಂತಾದದ್ದು ಹೇಗೆಂಬುದು ಎಂದಿಗೂ ಅರ್ಥವಾಗುವುದಿಲ್ಲ. ಆದ್ದರಿಂದ ಈ ಪತ್ರ ಸ್ವಲ್ಪ ದೀರ್ಘವಾಗುತ್ತದೆ, ದಯವಿಟ್ಟು ಸಹಿಸಬೇಕು.

ಕುಡಿತದ ಪ್ರಮಾಣದ ಬಗ್ಗೆ ಲೇಖಕರು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. 1830ರ ಹೊತ್ತಿಗೆ ಹದಿನೈದು ವರ್ಷ ಮೇಲ್ಪಟ್ಟ ಅಮೆರಿಕನ್ನರು ತಲಾ ವರ್ಷಕ್ಕೆ ಸುಮಾರು 7 ಗ್ಯಾಲನ್, ಅಂದರೆ 26 ಲೀಟರಿಗೂ ಮಿಕ್ಕಿ ಶುದ್ಧ ಮದ್ಯಸಾರವನ್ನು ಸೇವಿಸುತ್ತಿದ್ದರೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಅಪಲಾಚಿಯನ್ ಬೆಟ್ಟಗಳ ಪಶ್ಚಿಮಕ್ಕೆ ನೆಲೆಸಿದ ರೈತರು ಬೆಳೆದ ಮೆಕ್ಕೆಜೋಳವನ್ನು ಪೂರ್ವದ ಪಟ್ಟಣಗಳಿಗೆ ಸಾಗಿಸುವ ಖರ್ಚು ಕಾಳಿನ ಬೆಲೆಯನ್ನೇ ನುಂಗಿಬಿಡುತ್ತಿತ್ತು. ಅದನ್ನೇ ಭಟ್ಟಿ ಇಳಿಸಿದರೆ ಹೊರೆ ಹಗುರಾಗುತ್ತಿತ್ತು, ಸರಕು ಕೆಡುತ್ತಿರಲಿಲ್ಲ, ಲಾಭವೂ ಉಳಿಯುತ್ತಿತ್ತು. 1820ರ ದಶಕದಲ್ಲಿ ಒಂದು ಗ್ಯಾಲನ್ ವಿಸ್ಕಿ 25 ಸೆಂಟಿಗೆ ಸಿಗುತ್ತಿತ್ತು. ಆದರೆ ಅಗ್ಗದ ಸರಕಿನ ಕಥೆ ಕುಡಿತದ ಅರ್ಧವನ್ನಷ್ಟೇ ವಿವರಿಸುತ್ತದೆ. ಅದೇ ಪೇಯವನ್ನು ಜ್ವರದ ರೋಗಿಯ, ಬಾಣಂತಿಯ, ಹಾಲುಗಲ್ಲದ ಮಗುವಿನ ತುಟಿಗೂ ಹಿಡಿಯುವ ಧೈರ್ಯ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಸಂತೆಯಲ್ಲಿ ಸಿಗುವುದಿಲ್ಲ, ವೈದ್ಯಶಾಸ್ತ್ರದಲ್ಲಿ ಸಿಗುತ್ತದೆ.

ಮದ್ಯದ ವಿರುದ್ಧ ಮೊದಮೊದಲು ಎದ್ದ ದನಿಗಳಲ್ಲಿ ವೈದ್ಯರವೂ ಇದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಷ್ 1784ರಲ್ಲಿ ಭಟ್ಟಿ ಮದ್ಯದ ದುಷ್ಪರಿಣಾಮಗಳ ಬಗ್ಗೆ ಬರೆದ ಕಿರುಹೊತ್ತಗೆ ಮುಂದಿನ ಇಡೀ ಚಳವಳಿಗೆ ತಳಹದಿಯಾಯಿತು. ಅತಿಕುಡಿತವನ್ನು ಅವರು ರೋಗವೆಂದು ಕರೆದರು. ಆದರೆ ಅವರ ಆಕ್ಷೇಪಣೆ ಇದ್ದದ್ದು ರಮ್, ವಿಸ್ಕಿಗಳಂಥ ಭಟ್ಟಿ ಮದ್ಯಗಳ ಮೇಲೆ ಮಾತ್ರ. ಮಿತವಾಗಿ ಕುಡಿದ ವೈನ್, ಬಿಯರ್, ಸೇಬಿನ ಸೈಡರ್ ಆರೋಗ್ಯಕ್ಕೆ ಹಿತವೆಂದೇ ಅವರು ತಿಳಿದಿದ್ದರು. ಅಷ್ಟೇ ಅಲ್ಲದೆ, ದೇಹದ ಶಕ್ತಿ ಹಠಾತ್ತಾಗಿ ಉಡುಗಿ ಮೂರ್ಛೆ ಬರುವಂತಾದಾಗ, ಮತ್ತು ಬಹಳ ಹೊತ್ತು ಮಳೆ ಚಳಿಗೆ ಸಿಕ್ಕಿ ನೆನೆದಾಗ ಸ್ವಲ್ಪ ಭಟ್ಟಿ ಮದ್ಯವನ್ನೂ ಕೊಡಬಹುದೆಂದು ಅದೇ ಹೊತ್ತಗೆಯಲ್ಲಿ ಬರೆದರು. 1808ರಲ್ಲಿ ನ್ಯೂಯಾರ್ಕ್ ರಾಜ್ಯದ ಮೋರೋ ಎಂಬ ಊರಿನಲ್ಲಿ ಬಿಲ್ಲಿ ಕ್ಲಾರ್ಕ್ ಎಂಬ ವೈದ್ಯರ ಮುಂದಾಳತ್ವದಲ್ಲಿ ಹುಟ್ಟಿದ ಸಂಯಮ ಸಂಘದ ನಿಯಮಾವಳಿಯಲ್ಲೂ ಇದೇ ಬಗೆಯ ವಿನಾಯಿತಿ ಇತ್ತು. ಸದಸ್ಯರು ರಮ್, ಜಿನ್, ವಿಸ್ಕಿ ಮುಟ್ಟುವಂತಿಲ್ಲ, ಮುಟ್ಟಿದರೆ 25 ಸೆಂಟ್ ದಂಡ. ಆದರೆ ವೈದ್ಯರ ಸಲಹೆಯಿದ್ದರೆ ಅಥವಾ ನಿಜವಾಗಿ ಕಾಯಿಲೆಯಾಗಿದ್ದರೆ ಅಡ್ಡಿಯಿಲ್ಲ. ಈ ವಿನಾಯಿತಿಯನ್ನು ಬರೆದವರು ಕುಡುಕರಲ್ಲ, ಮದ್ಯವನ್ನು ಊರಿನಿಂದ ಓಡಿಸಲು ಪಣ ತೊಟ್ಟವರು. ಮುಂದೆ ಶತಮಾನದುದ್ದಕ್ಕೂ ಬಂದ ಪ್ರತಿಜ್ಞೆಗಳಲ್ಲಿ, ಕಾನೂನುಗಳಲ್ಲಿ ಈ ಒಂದು ಸಾಲು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ವ್ಯಾಪಾರವೂ ಪ್ರತಿಸಲ ಅದೇ ಸಾಲಿನ ಮೂಲಕ ಒಳಗೆ ನುಸುಳುತ್ತದೆ.

ವೈದ್ಯರಿಗೆ ಮದ್ಯದ ಮೇಲೆ ಅಷ್ಟು ಭರವಸೆ ಹುಟ್ಟಿದ್ದಕ್ಕೆ ಕಾರಣವಿತ್ತು. ರೋಗಾಣುಗಳ ಅರಿವಿಲ್ಲದ ಕಾಲದಲ್ಲಿ ಕಾಯಿಲೆಯೆಂದರೆ ದೇಹದ ಚೈತನ್ಯ ಅತಿಯಾಗಿ ಏರುವುದು ಅಥವಾ ಅತಿಯಾಗಿ ಇಳಿಯುವುದು. ಏರಿದ್ದರೆ ಇಳಿಸಬೇಕು, ಇಳಿದಿದ್ದರೆ ಏರಿಸಬೇಕು. ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ವೈದ್ಯರು ಬಹುಪಾಲು ಕಾಯಿಲೆಗಳನ್ನು ಏರಿಕೆಯೆಂದೇ ಬಗೆದು ರೋಗಿಯ ರಕ್ತ ಹರಿಸುತ್ತಿದ್ದರು, ಪಾದರಸದ ಕ್ಯಾಲೋಮೆಲ್ ಕೊಟ್ಟು ಭೇದಿ ಮಾಡಿಸುತ್ತಿದ್ದರು. ನಡುಶತಮಾನಕ್ಕೆ ಬರುವಷ್ಟರಲ್ಲಿ ಆ ಉಗ್ರ ಚಿಕಿತ್ಸೆಯ ಮೇಲಿನ ನಂಬಿಕೆ ಸಡಿಲವಾಗಿ, ರೋಗಿಗೆ ಬೇಕಾದದ್ದು ಬಲ ತುಂಬುವ ಚಿಕಿತ್ಸೆ ಎಂಬ ಎಣಿಕೆ ಗಟ್ಟಿಯಾಯಿತು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ರಾಬರ್ಟ್ ಬೆಂಟ್ಲಿ ಟಾಡ್ ಜ್ವರಪೀಡಿತರಿಗೆ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪವೇ ಬ್ರಾಂದಿ ಕುಡಿಸುವ ಪದ್ಧತಿಯನ್ನು ಬೋಧಿಸಿದರು. ಅದಕ್ಕೆ ಅಮೆರಿಕದಲ್ಲಿಯೂ ಅನುಯಾಯಿಗಳು ದೊರೆತರು. ಮಂಚದ ಪಕ್ಕ ನಿಂತ ವೈದ್ಯರಿಗೆ ಕಣ್ಣಿಗೆ ಕಾಣುವ ಗುಣವೂ ಸಿಗುತ್ತಿತ್ತು. ಬ್ರಾಂದಿ ಒಳಗೆ ಹೋದ ಸ್ವಲ್ಪ ಹೊತ್ತಿನಲ್ಲೇ ಬಿಳಿಚಿದ ಮುಖ ಕೆಂಪೇರುತ್ತಿತ್ತು, ಚರ್ಮ ಬೆಚ್ಚಗಾಗುತ್ತಿತ್ತು, ನಾಡಿ ಬಿರುಸಾಗುತ್ತಿತ್ತು, ನರಳುತ್ತಿದ್ದವನು ನಿದ್ದೆಗೆ ಜಾರುತ್ತಿದ್ದ. ಚರ್ಮದಡಿಯ ರಕ್ತನಾಳಗಳು ಹಿಗ್ಗಿ ದೇಹದ ಒಳಗಿನ ಶಾಖ ಹೊರಗೆ ಸೋರಿಹೋಗುತ್ತಿದೆ ಎಂಬುದಾಗಲಿ, ಮದ್ಯಸಾರವು ನರಮಂಡಲವನ್ನು ಮಂಕುಗೊಳಿಸುತ್ತದೆಯೇ ಹೊರತು ಚುರುಕುಗೊಳಿಸುವುದಿಲ್ಲ ಎಂಬುದಾಗಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಬ್ರಾಂದಿ ಕುಡಿದ ರೋಗಿಯ ಪಾಡು ರಕ್ತ ಹರಿಸಿಕೊಂಡವನ ಪಾಡಿಗಿಂತ ಮೇಲಾಗಿತ್ತು ಎಂಬುದನ್ನೂ ಮರೆಯಲಾಗದು. ತನ್ನ ಕಣ್ಣಿಗೆ ಕಂಡದ್ದನ್ನು ನಂಬಿದ ವೈದ್ಯನನ್ನು ನೆಪಗಾರನೆನ್ನಲು ನನಗೆ ಮನಸ್ಸು ಬಾರದು.

ವೈದ್ಯರೇ ಇಲ್ಲದ ಕಡೆ ಮನೆಯ ಸೀಸೆಯೇ ವೈದ್ಯ. ಗಡಿನಾಡಿನ ಒಂಟಿ ಮನೆಗಳಲ್ಲಿ ಮಲೇರಿಯಾದ ನಡುಕ ವರ್ಷ ವರ್ಷವೂ ಬರುತ್ತಿತ್ತು. ಅದಕ್ಕೆ ನಿಜವಾಗಿ ಕೆಲಸ ಮಾಡುತ್ತಿದ್ದ ಸಿಂಕೋನಾ ತೊಗಟೆ ವಿಪರೀತ ಕಹಿಯಾದ್ದರಿಂದ ಅದನ್ನು ವೈನಿನಲ್ಲೋ ವಿಸ್ಕಿಯಲ್ಲೋ ಕದಡಿ ನುಂಗುತ್ತಿದ್ದರು. ಬೇರು ತೊಗಟೆಗಳ ಸತ್ವವನ್ನು ಹೀರಿ ತೆಗೆಯಲು, ತೆಗೆದದ್ದು ಹುಳಿಯದಂತೆ ವರ್ಷಗಟ್ಟಲೆ ಕಾಪಾಡಲು ಮದ್ಯಸಾರದಷ್ಟು ಒದಗುವ ದ್ರವ ಆಗ ಬೇರೊಂದಿರಲಿಲ್ಲ. ನೋವಿಗೆ ಮನೆಮನೆಯಲ್ಲೂ ಬಳಸುತ್ತಿದ್ದ ಲಾಡನಮ್ ಎಂಬುದು ಅಫೀಮನ್ನು ಮದ್ಯಸಾರದಲ್ಲಿ ಕರಗಿಸಿದ ಔಷಧವೇ. ಇಷ್ಟರ ಮಟ್ಟಿಗೆ ಔಷಧಶಾಸ್ತ್ರಕ್ಕೂ ಮದ್ಯಕ್ಕೂ ಇದ್ದ ನಂಟು ಹುಸಿಯಲ್ಲ. ಅದರ ಜೊತೆಜೊತೆಗೇ ಬುಡುಬುಡುಕೆ ಹಾವು ಕಚ್ಚಿದವನಿಗೆ ಪ್ರಜ್ಞೆ ತಪ್ಪುವಷ್ಟು ವಿಸ್ಕಿ ಕುಡಿಸುವಂಥ ಅಪಾಯದ ರೂಢಿಯೂ ಬೆಳೆಯಿತು. ಹಾವಿನ ವಿಷದಿಂದ ಉಳಿದವರೂ ಆ ಚಿಕಿತ್ಸೆಯಿಂದ ನರಳಿರಬೇಕು.

ಇಂಥ ನಂಬಿಕೆ ಎಷ್ಟು ವ್ಯಾಪಕವಾಗಿತ್ತು ಎಂಬುದಕ್ಕೆ ಸ್ವತಃ ಮದ್ಯ ಮುಟ್ಟದ ಅಬ್ರಹಾಂ ಲಿಂಕನ್ನರ ಸಾಕ್ಷ್ಯವಿದೆ. 1842ರ ಫೆಬ್ರವರಿ 22ರಂದು ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕುಡಿತ ಬಿಟ್ಟವರ ಸಂಘದೆದುರು ಮಾತನಾಡುತ್ತ ಅವರು, ಮದ್ಯವನ್ನು ವೈದ್ಯರು ಆ ರೋಗಕ್ಕೆ ಈ ರೋಗಕ್ಕೆ ಎಂದು ಬರೆದುಕೊಡುತ್ತಿದ್ದುದನ್ನೂ ಸರ್ಕಾರ ತನ್ನ ಸೈನಿಕರಿಗೆ ನಾವಿಕರಿಗೆ ಒದಗಿಸುತ್ತಿದ್ದುದನ್ನೂ ನೆನಪಿಸಿದರು. ಹಾನಿಯಾದವರನ್ನು ಜನ ಕಂಡಿದ್ದರೂ, ಕೆಟ್ಟ ವಸ್ತುವಿನ ಬಳಕೆಯಿಂದ ಹಾಗಾಯಿತೆಂದು ಯಾರೂ ಎಣಿಸಲಿಲ್ಲ, ಒಳ್ಳೆಯ ವಸ್ತುವಿನ ದುರ್ಬಳಕೆಯಿಂದ ಆಯಿತೆಂದೇ ಎಣಿಸಿದರು ಎಂಬುದು ಅವರ ಮಾತಿನ ತಾತ್ಪರ್ಯ. ಭೂಸೇನೆಯ ದಿನಪಡಿಯಿಂದ ಮದ್ಯವನ್ನು ತೆಗೆದು ಕಾಫಿ ಸಕ್ಕರೆ ಕೊಟ್ಟದ್ದು 1832ರಲ್ಲಿ; ನೌಕಾಪಡೆಯ ರಮ್ ಪಾಲು ನಿಂತದ್ದು 1862ರ ಸೆಪ್ಟೆಂಬರ್ 1ರಂದು.

ಆದರೆ ಅದೇ ಹೊತ್ತಿನಲ್ಲಿ ನಡೆಯುತ್ತಿದ್ದ ಅಂತರ್ಯುದ್ಧದಲ್ಲಿ ಔಷಧದ ಪೆಟ್ಟಿಗೆಯೊಳಗಿನ ವಿಸ್ಕಿ ಎಲ್ಲಿಗೂ ಹೋಗಲಿಲ್ಲ. ಮಲೇರಿಯಾ ಇರುವ ಕಡೆ ಬೀಡುಬಿಟ್ಟ ಪಡೆಗಳಿಗೆ ಕ್ವಿನೈನ್ ಬೆರೆಸಿದ ವಿಸ್ಕಿ ಕೊಡುತ್ತಿದ್ದರು. ರಕ್ತ ಸೋರಿ ಕುಸಿದ ಗಾಯಾಳುವಿಗೆ ಚೈತನ್ಯ ತುಂಬಲೆಂದು ಬ್ರಾಂದಿ ಕುಡಿಸುತ್ತಿದ್ದರು. ಲೇಖಕರು ಎಡವಿದ್ದು ಇಲ್ಲಿಯೇ. ಅರಿವಳಿಕೆಯ ಔಷಧವಾದ ಈಥರಿನ ಸಾರ್ವಜನಿಕ ಪ್ರಯೋಗ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದದ್ದು 1846ರ ಅಕ್ಟೋಬರ್ 16ರಂದು. ಯುದ್ಧ ಶುರುವಾಗುವ ವೇಳೆಗೆ ಅರಿವಳಿಕೆ ಹದಿನೈದು ವರ್ಷ ಹಳೆಯದಾಗಿತ್ತು. ಯುದ್ಧಭೂಮಿಯ ಅಂಗಚ್ಛೇದನಗಳಲ್ಲಿ ಬಹುಪಾಲು ಕ್ಲೋರೋಫಾರ್ಮ್ ಅಥವಾ ಈಥರ್ ಕೊಟ್ಟೇ ನಡೆದವು. ವಿಸ್ಕಿ ಕೊಡುತ್ತಿದ್ದದ್ದು ನಿಜ, ಆದರೆ ಅದು ನೋವು ಮರೆಸಲು ಕೊಟ್ಟದ್ದಲ್ಲ, ಬಲ ಬರಲೆಂದು ಕೊಟ್ಟದ್ದು.

ಆಸ್ಪತ್ರೆಯ ವಿಸ್ಕಿಗಾಗಿ ನಡೆದ ಕಿತ್ತಾಟಕ್ಕೆ ದಕ್ಷಿಣದವರ ರಾಜಧಾನಿಯಾಗಿದ್ದ ರಿಚ್ಮಂಡಿನ ಚಿಂಬರಾಜೋ ಆಸ್ಪತ್ರೆಯ ಫೀಬಿ ಪೆಂಬರ್ ಅವರ ನೆನಪುಗಳು ಸಾಕ್ಷಿ. 1862ರ ಕೊನೆಯಲ್ಲಿ ಅಲ್ಲಿ ಮೇಟ್ರನ್ ಆಗಿ ಸೇರಿದ ಈಕೆ, ರೋಗಿಗಳ ಪಾಲಿನ ವಿಸ್ಕಿ ಸಿಬ್ಬಂದಿಯ ಪಾಲಾಗುತ್ತಿರುವುದನ್ನು ಕಂಡು, ಪೀಪಾಯಿ ತನ್ನ ವಶದಲ್ಲಿರಬೇಕೆಂದು ಕಾನೂನನ್ನು ತೋರಿಸಿ ಹಟ ಹಿಡಿದರು. 1865ರಲ್ಲಿ ನಗರ ಶತ್ರುವಿನ ಕೈಸೇರಿದ ದಿನಗಳಲ್ಲಿ ಪೀಪಾಯಿ ಕಸಿಯಲು ಬಂದವರೆದುರು ಪಿಸ್ತೂಲು ಹಿಡಿದು ನಿಂತರು. ಅದು ಗಾಯಾಳುಗಳ ಔಷಧ ಎಂಬ ಬಗ್ಗೆ ಆಕೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಕಾನೂನಿನ ಕಡೆಗೆ ಬಂದರೆ ಇದೇ ನಂಬಿಕೆ ಇನ್ನೊಂದು ಬಗೆಯ ಇಕ್ಕಟ್ಟನ್ನು ತಂದಿಟ್ಟಿತು. ಪೋರ್ಟ್‌ಲ್ಯಾಂಡ್ ನಗರದ ಮೇಯರ್ ನೀಲ್ ಡೌ ಅವರ ಒತ್ತಾಯದಿಂದ ಮೇನ್ ರಾಜ್ಯ 1851ರಲ್ಲಿ ಮದ್ಯದ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿತು. ಔಷಧಕ್ಕೂ ಕೈಗಾರಿಕೆಗೂ ಬೇಕಾದ ಮದ್ಯವನ್ನು ಮಾತ್ರ ಊರಿನ ಆಡಳಿತ ನೇಮಿಸಿದ ಏಜೆಂಟರ ಮೂಲಕ ಮಾರಬಹುದಾಗಿತ್ತು. 1855ರಲ್ಲಿ ಡೌ ಅವರೇ ಈ ಉದ್ದೇಶಕ್ಕೆ ತರಿಸಿದ ಮದ್ಯ ನಗರಸಭೆಯ ಕಟ್ಟಡದಲ್ಲಿ ದಾಸ್ತಾನಾಗಿದೆಯೆಂಬ ಸುದ್ದಿ ಹಬ್ಬಿತು. ಬಡವರ ಕೈಯ ಲೋಟ ಕಿತ್ತುಕೊಂಡವರು ತಾವೇ ಮದ್ಯ ಕೂಡಿಟ್ಟಿದ್ದಾರೆಂದು ರೊಚ್ಚಿಗೆದ್ದ ಜನ ಜೂನ್ 2ರಂದು ಗುಂಪುಗೂಡಿದರು. ಸ್ಥಳೀಯ ಸೇನೆ ಗುಂಡು ಹಾರಿಸಿ ಒಬ್ಬ ಸತ್ತ, ಹಲವರು ಗಾಯಗೊಂಡರು. ಮರುವರ್ಷವೇ ಆ ಕಾನೂನು ರದ್ದಾಯಿತು, 1858ರಲ್ಲಿ ಮತ್ತೆ ಬಂತು. ಡೌ ಅವರನ್ನು ಆಷಾಢಭೂತಿಯೆಂದು ಬಗೆದವರು ಅಂದೂ ಇದ್ದರು, ಇಂದೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಅವರ ಕಷ್ಟ ಬೇರೆಯದು: ಮದ್ಯ ಔಷಧವೂ ಹೌದೆಂದು ಬಹುಪಾಲು ವೈದ್ಯರು ಹೇಳುತ್ತಿರುವಾಗ ಅದನ್ನು ಪೂರ್ತಿಯಾಗಿ ನಿಷೇಧಿಸುವ ಕಾನೂನನ್ನು ಯಾರೂ ಬರೆಯಲಾರರು. 1881ರಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಯೂ ವೈದ್ಯಕೀಯ, ವೈಜ್ಞಾನಿಕ, ಯಾಂತ್ರಿಕ ಬಳಕೆಗಳನ್ನು ಹೊರಗಿಟ್ಟೇ ನಿಷೇಧ ಹೇರಿತು. ಅಲ್ಲಿನ ಔಷಧದಂಗಡಿಗಳ ವ್ಯಾಪಾರ ಚುರುಕಾಯಿತು.

ಈಗ ಪೇಟೆಂಟ್ ಔಷಧಗಳ, ಅಂದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾಗಿದ್ದ ಸಿದ್ಧ ಔಷಧಗಳ ವಿಷಯ. ಲೇಖನದಲ್ಲಿ ಇದಕ್ಕೆ ಎರಡೇ ಸಾಲು ಸಿಕ್ಕಿದೆ. ಇಡೀ ಕಥೆಯ ಕರುಳು ಹಿಂಡುವ ಭಾಗ ಇದೇ. ಪಿಟ್ಸ್‌ಬರ್ಗಿನಲ್ಲಿ 1853ರಲ್ಲಿ ಮಾರುಕಟ್ಟೆಗೆ ಬಂದ ಹೋಸ್ಟೆಟರ್ಸ್ ಬಿಟರ್ಸ್ ಎಂಬ ಜಠರದ ಔಷಧದಲ್ಲಿ ಮದ್ಯಸಾರ ಶೇಕಡ 40ರ ಆಸುಪಾಸಿನಲ್ಲಿತ್ತು, ಅಂದರೆ ವಿಸ್ಕಿಗೆ ಸರಿಸಮ. ಕಹಿ ಗಿಡಮೂಲಿಕೆಯ ರುಚಿ ಸೇರಿಸಿ, ಸೀಸೆಗೆ ಔಷಧದ ಚೀಟಿ ಅಂಟಿಸಿದ್ದರಿಂದ ಅದನ್ನು ಮಾರಲು ಮದ್ಯದಂಗಡಿಯ ಪರವಾನಗಿ ಬೇಕಿರಲಿಲ್ಲ, ಭಾನುವಾರದ ಅಡ್ಡಿಯಿರಲಿಲ್ಲ, ಮದ್ಯ ನಿಷೇಧಿಸಿದ ಊರಿನಲ್ಲೂ ತಡೆಯಿರಲಿಲ್ಲ. ಅಂತರ್ಯುದ್ಧದ ಖರ್ಚಿಗೆಂದು 1862ರಲ್ಲಿ ಬಂದ ತೆರಿಗೆ ಕಾನೂನು ಒಂದು ಡಾಲರ್ ಬೆಲೆಯ ಔಷಧದ ಸೀಸೆಗೆ 4 ಸೆಂಟಿನ ಅಂಚೆಚೀಟಿಯಂಥ ಮುದ್ರೆಯನ್ನು ಕಡ್ಡಾಯ ಮಾಡಿತು. ಸರ್ಕಾರದ ಆ ಮುದ್ರೆಯನ್ನು ಕಂಡ ಸಾಮಾನ್ಯ ಕೊಳ್ಳುಗನಿಗೆ ಅದೊಂದು ಅಂಗೀಕಾರದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ರಾಚೆಸ್ಟರಿನ ಡಫೀಸ್ ಮಾಲ್ಟ್ ವಿಸ್ಕಿಯಂತೂ ತನ್ನ ಹೆಸರಿನಲ್ಲಿ ವಿಸ್ಕಿಯೆಂಬುದನ್ನು ಇಟ್ಟುಕೊಂಡೇ ಔಷಧವಾಗಿ ಜಾಹೀರಾತು ಹಾಕಿಸಿಕೊಂಡಿತು.

ಇವುಗಳ ಗಿರಾಕಿಗಳು ಪಾನಗೃಹಕ್ಕೆ ಹೋಗುವ ಗಂಡಸರಷ್ಟೇ ಆಗಿರಲಿಲ್ಲ. ಮ್ಯಾಸಚೂಸೆಟ್ಸಿನ ಲಿನ್ ಪಟ್ಟಣದ ಲಿಡಿಯಾ ಪಿಂಕ್‌ಹ್ಯಾಮ್ ಎಂಬ ಗೃಹಿಣಿ 1875ರಲ್ಲಿ ಮಾರಲು ತೊಡಗಿದ ಸ್ತ್ರೀರೋಗದ ಕಷಾಯದಲ್ಲಿ ಬೇರುಗಳ ಜೊತೆ ಶೇಕಡ 18ರಿಂದ 20ರಷ್ಟು ಮದ್ಯಸಾರವಿತ್ತು. ಸತ್ವ ಕರಗಲು, ಕೆಡದಂತೆ ಉಳಿಯಲು ಅದು ಬೇಕೆಂಬುದು ತಯಾರಕರ ಸಮಜಾಯಿಷಿ. ಲಿಡಿಯಾ ಸ್ವತಃ ಪಾನಸಂಯಮದ ಬೆಂಬಲಿಗರು, ಆಕೆ ಅದನ್ನು ನಂಬಿದ್ದರೆಂದೇ ನಾನು ಭಾವಿಸುತ್ತೇನೆ. ಗಂಡಸು ವೈದ್ಯರೆದುರು ಹೇಳಿಕೊಳ್ಳಲು ಸಂಕೋಚಪಡುವ, ಹೇಳಿಕೊಂಡರೂ ಕೇಳಿಸಿಕೊಳ್ಳದ ವೈದ್ಯರಿಂದ ನೊಂದ ಹೆಂಗಸರಿಗೆ, ಸೀಸೆಯ ಮೇಲಿನ ಆ ಶಾಂತ ಮುಖ ತಮ್ಮವರೇ ಎನಿಸಿತು. ಶ್ರೀಮತಿ ಪಿಂಕ್‌ಹ್ಯಾಮರಿಗೆ ಕಾಗದ ಬರೆಯಿರಿ ಎಂಬ ಜಾಹೀರಾತನ್ನು ನಂಬಿ ಸಾವಿರಾರು ಮಂದಿ ತಮ್ಮ ಗುಟ್ಟಿನ ಕಷ್ಟಗಳನ್ನು ಬರೆದರು. ಆಕೆ 1883ರಲ್ಲಿಯೇ ತೀರಿಹೋಗಿದ್ದರು, ಜಾಹೀರಾತು ನಿಲ್ಲಲಿಲ್ಲ. ಸಂಪಾದಕ ಎಡ್ವರ್ಡ್ ಬಾಕ್ 1905ರಲ್ಲಿ ತಮ್ಮ ಮಹಿಳಾ ಮಾಸಪತ್ರಿಕೆಯಲ್ಲಿ ಆಕೆಯ ಗೋರಿಕಲ್ಲಿನ ಛಾಯಾಚಿತ್ರವನ್ನೇ ಅಚ್ಚು ಹಾಕಿಸಿದರು. ಅದೇ ವರ್ಷ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಕಾಲಿಯರ್ಸ್ ವಾರಪತ್ರಿಕೆಯಲ್ಲಿ ಬರೆದ ಲೇಖನಮಾಲೆ, ಶೇಕಡ 28ರಷ್ಟು ಮದ್ಯಸಾರವಿದ್ದ ಪೆರೂನಾ ಎಂಬ ಶೀತದ ಔಷಧದ ಬಣ್ಣ ಬಯಲು ಮಾಡಿತು. ಮದ್ಯ ನಿಷೇಧಿಸಿದ್ದ ಮೂಲನಿವಾಸಿಗಳ ಮೀಸಲು ಪ್ರದೇಶಗಳಲ್ಲಿ ಪೆರೂನಾ ಮಾರಕೂಡದೆಂದು ಸರ್ಕಾರವೂ 1905ರಲ್ಲಿ ಆಜ್ಞೆ ಹೊರಡಿಸಿತು. ಕಟ್ಟಕಡೆಗೆ 1906ರ ಜೂನ್ 30ರ ಆಹಾರ ಮತ್ತು ಔಷಧ ಕಾಯ್ದೆ ಈ ವಸ್ತುಗಳ ವಿಷಯದಲ್ಲಿ ಮಾಡಿದ್ದು ಬಹಳ ಚಿಕ್ಕ ಕೆಲಸ. ಮದ್ಯಸಾರ, ಅಫೀಮು, ಮಾರ್ಫಿನ್, ಕೊಕೇನ್ ಇತ್ಯಾದಿ ಎಷ್ಟಿದೆಯೆಂದು ಸೀಸೆಯ ಮೇಲೆ ಬರೆಯಬೇಕು, ಅಷ್ಟೇ. ಇವುಗಳಲ್ಲಿ ಯಾವುದನ್ನೂ ಅದು ನಿಷೇಧಿಸಲಿಲ್ಲ. ಆ ಒಂದು ಸಾಲಿನ ಬರಹ ಅಲ್ಲಿಯವರೆಗೂ ಯಾವ ಕೊಳ್ಳುಗರಿಗೂ ಸಿಕ್ಕಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಮದ್ಯವನ್ನು ಮುಟ್ಟೆನೆಂದು ಪ್ರತಿಜ್ಞೆ ಮಾಡಿದಾಕೆಯ ಅಡುಗೆಮನೆಯ ಕಪಾಟಿನಲ್ಲಿ ಅದೇ ಮದ್ಯ ಬೇರೆ ಹೆಸರಿನಿಂದ ಕುಳಿತಿತ್ತು, ಮತ್ತು ಅದನ್ನು ತಿಳಿಯುವ ಯಾವ ದಾರಿಯೂ ಆಕೆಗಿರಲಿಲ್ಲ.

ವೈದ್ಯರೆಲ್ಲರೂ ಸುಮ್ಮನಿದ್ದರೆಂದು ನಾನು ಹೇಳುತ್ತಿಲ್ಲ. ಅಮೆರಿಕನ್ ವೈದ್ಯಕೀಯ ಸಂಘದ ಸ್ಥಾಪಕರಲ್ಲಿ ಪ್ರಮುಖರಾದ ಶಿಕಾಗೋದ ನೇಥನ್ ಸ್ಮಿತ್ ಡೇವಿಸ್, ಮದ್ಯಸಾರವು ದೇಹದ ಶಾಖವನ್ನು ಹೆಚ್ಚಿಸುವ ಬದಲು ತಗ್ಗಿಸುತ್ತದೆಂದು ನಡುಶತಮಾನದಲ್ಲೇ ಪ್ರಯೋಗದಿಂದ ತೋರಿಸಿ, ಕೊನೆಯವರೆಗೂ ಅದನ್ನು ಔಷಧವಾಗಿ ಬಳಸುವುದನ್ನು ವಿರೋಧಿಸಿದರು. 1874ರಲ್ಲಿ ಸ್ಥಾಪನೆಯಾದ ಮಹಿಳಾ ಕ್ರೈಸ್ತ ಸಂಯಮ ಒಕ್ಕೂಟ, ಮದ್ಯವಿಲ್ಲದೆಯೂ ರೋಗ ವಾಸಿಮಾಡಬಹುದೆಂದು ತೋರಿಸಲು 1886ರಲ್ಲಿ ಶಿಕಾಗೋದಲ್ಲಿ ಒಂದು ಆಸ್ಪತ್ರೆಯನ್ನೇ ತೆರೆಯಿತು. ಇಂಥವರ ಮಾತು ಗೆಲ್ಲಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ವಿಸ್ಕಿ ಮತ್ತು ಬ್ರಾಂದಿಯನ್ನು ಅಮೆರಿಕದ ಅಧಿಕೃತ ಔಷಧಕೋಶದಿಂದ ಕೈಬಿಟ್ಟದ್ದು 1916ರಲ್ಲಿ. ಔಷಧವಾಗಿ ಮದ್ಯದ ಬಳಕೆಯನ್ನು ನಿರುತ್ತೇಜನಗೊಳಿಸಬೇಕೆಂದು ವೈದ್ಯಕೀಯ ಸಂಘ ಠರಾವು ಮಾಡಿದ್ದು 1917ರಲ್ಲಿ. ಹಾಗಿದ್ದೂ 1920ರಲ್ಲಿ ರಾಷ್ಟ್ರವ್ಯಾಪಿ ಪಾನನಿಷೇಧ ಬಂದಾಗ, ಒಬ್ಬ ರೋಗಿಗೆ ಹತ್ತು ದಿನಕ್ಕೆ ಒಂದು ಪಿಂಟ್ (ಸುಮಾರು ಅರ್ಧ ಲೀಟರ್) ಮದ್ಯವನ್ನು ವೈದ್ಯರು ಬರೆದುಕೊಡಬಹುದೆಂಬ ವಿನಾಯಿತಿ ಅದರಲ್ಲೂ ಇತ್ತು. ಆ ಹೊತ್ತಿಗೆ ವೈದ್ಯಶಾಸ್ತ್ರದ ಹಳೆಯ ನಂಬಿಕೆ ಬಹುಮಟ್ಟಿಗೆ ಅಳಿದಿತ್ತು. ಲೇಖಕರು ಹೇಳುವ ನೆಪ ಎಂಬುದು ನಿಜವಾಗಿ ಹೊಂದುವುದಾದರೆ ಈ 1920ರ ದಶಕದ ಚೀಟಿಗಳಿಗೆ ಹೊಂದೀತು. ಅದನ್ನು ಹಿಂದಿನ ಶತಮಾನದ ಮೇಲೆ ಹೊರಿಸಿದ್ದೇ ಲೇಖನದ ಮುಖ್ಯ ದೋಷವೆಂದು ನನಗೆ ತೋರುತ್ತದೆ.

ಆದ್ದರಿಂದ ಅರಿವಳಿಕೆಯ ಕುರಿತ ತಪ್ಪನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಿ ಪ್ರಕಟಿಸಬೇಕೆಂದೂ, ಲೇಖಕರು ಈ ವಿಷಯವನ್ನು ಮುಂದುವರಿಸುವುದಾದರೆ ಪಾನಗೃಹಗಳಿಗೆ ಕೊಟ್ಟಷ್ಟೇ ಜಾಗವನ್ನು ಬಿಟರ್ಸ್ ಮತ್ತು ಸ್ತ್ರೀರೋಗದ ಕಷಾಯಗಳಿಗೂ ಕೊಡಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ